ಚೆಕ್ ಬೌನ್ಸ್ ಕೇಸು ರಾಜಿ ಮಾಡಿಕೊಳ್ಳುವವರಿಗೆ: ಆಲೆಮನೆಯ ಲೆಕ್ಕ ಬರೆಯುವವಳ ಮಾತು

ಮಂಡ್ಯದ ಹತ್ತಿರದ ಹಳ್ಳಿಯಲ್ಲಿ ನಮ್ಮದೊಂದು ಆಲೆಮನೆ ಇದೆ. ಗಾಣ, ಕೊಪ್ಪರಿಗೆ, ಆಳು ನೋಡಿಕೊಳ್ಳುವುದು ನನ್ನ ಮೈದುನ. ಲೆಕ್ಕ, ಬ್ಯಾಂಕು, ವ್ಯಾಪಾರಿಗಳ ಜೊತೆ ಮಾತು ನನ್ನದು. 2024ರ ಬೇಸಿಗೆಯಲ್ಲಿ ಮೈಸೂರಿನ ಒಬ್ಬ ಸಗಟು ವ್ಯಾಪಾರಿಗೆ 90 ಕ್ವಿಂಟಲ್ ಅಚ್ಚು ಬೆಲ್ಲ ಕೊಟ್ಟೆವು. ಕ್ವಿಂಟಲ್‌ಗೆ 4,000 ರೂಪಾಯಿ, ಒಟ್ಟು 3,60,000. ಎಂಟು ವರ್ಷದಿಂದ ನಮ್ಮ ಹತ್ತಿರ ಬೆಲ್ಲ ಎತ್ತುತ್ತಿದ್ದವರು. ಜೂನ್ 5ರ ತಾರೀಖು ಹಾಕಿ ಚೆಕ್ ಕೊಟ್ಟರು. 10ಕ್ಕೆ ನನ್ನ ಖಾತೆಗೆ ಹಾಕಿದೆ. 12ಕ್ಕೆ ವಾಪಸ್ ಬಂತು.

ಕೊನೆಗೆ ಲೋಕ ಅದಾಲತ್‌ನಲ್ಲಿ ರಾಜಿ ಆಯಿತು, ದುಡ್ಡೂ ಬಂತು. ಆದರೆ ಆ ದಾರಿಯಲ್ಲಿ ಎರಡು ಮೂರು ಕಡೆ ನಾನು ಕಾಲು ಜಾರುವುದರಲ್ಲಿದ್ದೆ. ಆಮೇಲೆ ನಮ್ಮ ಕಡೆಯ ನಾಲ್ಕೈದು ಜನ ಬಂದು ಹೇಗೆ ಮಾಡಿದಿರಿ ಎಂದು ಕೇಳಿದರು. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ ಅಂತ ಬರೆದಿಡುತ್ತಿದ್ದೇನೆ.

ಚೆಕ್ ವಾಪಸ್ ಬಂದಾಗ ಬ್ಯಾಂಕಿನವರು ಅದರ ಜೊತೆ ಒಂದು ಚಿಕ್ಕ ಚೀಟಿ ಕೊಡುತ್ತಾರೆ. ರಿಟರ್ನ್ ಮೆಮೊ ಅಂತ. ನನ್ನದರಲ್ಲಿ ‘ಫಂಡ್ಸ್ ಇನ್‌ಸಫಿಷಿಯೆಂಟ್’ ಎಂದಿತ್ತು, ಅಂದರೆ ಅವರ ಖಾತೆಯಲ್ಲಿ ಸಾಕಷ್ಟು ಹಣ ಇಲ್ಲ ಅಂತ, ಪಕ್ಕದಲ್ಲಿ ತಾರೀಖು, ಬ್ಯಾಂಕಿನ ಮೊಹರು. ಮೊದಲ ದಿನ ನಾನು ಅದನ್ನು ಮಡಚಿ ಪರ್ಸಿಗೆ ಹಾಕಿಕೊಂಡು ಬಂದೆ. ಮಳೆಗೆ ಒದ್ದೆಯಾಗಿ ಮೊಹರಿನ ಶಾಯಿ ಹರಡಿತ್ತು. ಪುಣ್ಯಕ್ಕೆ ತಾರೀಖು ಓದುವಂತಿತ್ತು. ಆ ತಾರೀಖೇ ಇಡೀ ಕೇಸಿನ ಬುಡ. ನೀವು ಮಾತ್ರ ಚೆಕ್, ಮೆಮೊ, ಬ್ಯಾಂಕಿಗೆ ಹಾಕಿದ ಸ್ಲಿಪ್ ಮೂರನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿಡಿ. ಅವತ್ತೇ ಜೆರಾಕ್ಸ್ ಮಾಡಿಸಿ.

ಮೆಮೊ ಕೈಗೆ ಬಂದ ದಿನದಿಂದ 30 ದಿನದೊಳಗೆ ಚೆಕ್ ಕೊಟ್ಟವರಿಗೆ ಲಿಖಿತ ನೋಟಿಸ್ ಹೋಗಬೇಕು. ನೋಟಿಸ್ ಅವರಿಗೆ ತಲುಪಿದ ಮೇಲೆ ದುಡ್ಡು ಕೊಡಲು 15 ದಿನ ಸಮಯ. ಆ 15 ದಿನ ಮುಗಿದರೂ ಕೊಡದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು. ಇದು 1881ರ ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ. ಕೋರ್ಟಿನ ಆವರಣದಲ್ಲಿ ಯಾರನ್ನು ಕೇಳಿದರೂ ‘138 ಕೇಸು’ ಎಂದೇ ಹೇಳುತ್ತಾರೆ.

ನಾನು ಕಾಲು ಜಾರುವುದರಲ್ಲಿದ್ದದ್ದು ಇಲ್ಲೇ. ಫೋನ್ ಮಾಡಿದಾಗೆಲ್ಲ ಅವರು ‘ಸೋಮವಾರ ಹಾಕ್ತೀನಿ ಕಣಕ್ಕ, ಕೇರಳದವನು ದುಡ್ಡು ಕಳಿಸ್ಲಿ’ ಅನ್ನುತ್ತಿದ್ದರು. ಎಂಟು ವರ್ಷದ ಪರಿಚಯ, ನೋಟಿಸ್ ಕೊಟ್ಟರೆ ಏನಂದುಕೊಳ್ಳುತ್ತಾರೋ ಅಂತ ನನಗೂ ಸಂಕೋಚ. ಎರಡು ಸೋಮವಾರ ಹೀಗೇ ಹೋದವು. ವಕೀಲರ ಹತ್ತಿರ ಹೋದಾಗ ಅವರು ಮೊದಲು ಕೇಳಿದ್ದು ವ್ಯಾಪಾರಿ ಯಾರು ಅಂತ ಅಲ್ಲ, ಮೆಮೊ ತಾರೀಖು ಯಾವುದು ಅಂತ. ಜೂನ್ 27ಕ್ಕೆ ನೋಟಿಸ್ ಹೋಯಿತು. ಜುಲೈ 12 ದಾಟಿದ್ದರೆ ಆ ಮೆಮೊ ಮೇಲೆ ಏನೂ ಮಾಡುವಂತಿರಲಿಲ್ಲ.

ಅದಕ್ಕೇ ಹೇಳುತ್ತೇನೆ. ರಾಜಿ ಮಾಡಿಕೊಳ್ಳಬೇಕು ಅಂತ ಮನಸ್ಸಿದ್ದರೂ ಮೊದಲು ಗಡುವು ಉಳಿಸಿಕೊಳ್ಳಿ, ಆಮೇಲೆ ರಾಜಿ. ನೋಟಿಸ್ ಕೊಟ್ಟ ಮಾತ್ರಕ್ಕೆ ಮಾತುಕತೆ ನಿಲ್ಲುವುದಿಲ್ಲ. ಕೊಡದಿದ್ದರೆ ಮಾತಾಡಲು ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಕೇಸು ಹಾಕುವ ಮೊದಲೇ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಇಬ್ಬರನ್ನೂ ಕರೆಸಿ ಮಾತಾಡಿಸುವ ವ್ಯವಸ್ಥೆ ಇದೆ. ಒಳ್ಳೆಯದೇ. ಆದರೆ ಅರ್ಜಿ ಕೊಟ್ಟೆ, ಇನ್ನು ದಿನದ ಲೆಕ್ಕ ನಿಂತುಹೋಯಿತು ಅಂತ ಸುಮ್ನೆ ಕೂರಬೇಡಿ.

30 ದಿನ ಈಗಾಗಲೇ ದಾಟಿಹೋಗಿದ್ದರೆ ಒಂದು ದಾರಿ ಇರಬಹುದು. ಚೆಕ್ಕಿನ ತಾರೀಖಿನಿಂದ ಮೂರು ತಿಂಗಳು ಆಗಿಲ್ಲದಿದ್ದರೆ ಅದನ್ನೇ ಇನ್ನೊಮ್ಮೆ ಬ್ಯಾಂಕಿಗೆ ಹಾಕಬಹುದು. ಮತ್ತೆ ವಾಪಸ್ ಬಂದರೆ ಹೊಸ ಮೆಮೊ, ಹೊಸ 30 ದಿನ. ಮೂರು ತಿಂಗಳೂ ಕಳೆದಿದ್ದರೆ ಸಿವಿಲ್ ದಾವೆ ಹಾಕುವುದೇ ಉಳಿದ ದಾರಿ. ಅದಕ್ಕೆ ಸಾಮಾನ್ಯವಾಗಿ ಮೂರು ವರ್ಷ ಸಮಯ ಇರುತ್ತದೆ.

ನೋಟಿಸಿನಲ್ಲಿ ಚೆಕ್ಕಿನ ಮೊತ್ತ ಚೆಕ್ಕಿನಲ್ಲಿ ಇದ್ದ ಹಾಗೇ ಇರಬೇಕು. ಒಂದು ಸೊನ್ನೆ ಹೆಚ್ಚುಕಮ್ಮಿ ಆಗಬಾರದು. ಬರೆಯುವಾಗ ಕೈತಪ್ಪಿತು ಎಂದರೂ ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಬ್ಯಾಂಕಿಗೆ ಹಾಕುವ ಮೊದಲೇ ಅವರು ಸ್ವಲ್ಪ ದುಡ್ಡು ಕೊಟ್ಟಿದ್ದರೆ ಅದನ್ನು ಮುಚ್ಚಿಟ್ಟು ಪೂರ್ತಿ ಮೊತ್ತದ ಚೆಕ್ ಹಾಕಬೇಡಿ, ಕೇಸು ಬಿದ್ದುಹೋಗುತ್ತದೆ. ವಕೀಲರ ಹತ್ತಿರ ಇದನ್ನು ಮೊದಲೇ ಹೇಳಿಬಿಡಿ. ಅಂಚೆ ರಸೀದಿ, ನೋಟಿಸ್ ತಲುಪಿದ ದಾಖಲೆ ಅದೇ ಪ್ಲಾಸ್ಟಿಕ್ ಕವರಿಗೆ ಸೇರಲಿ.

ಎಲ್ಲಿ ಕೇಸು ಹಾಕುವುದು? ಅವರ ಅಂಗಡಿ ಮೈಸೂರು, ನನ್ನ ಖಾತೆ ಮಂಡ್ಯ. ‘ಮೈಸೂರಿಗೆ ಓಡಾಡ್ಬೇಕಾಗುತ್ತೆ, ಯಾಕೆ ಬೇಕು ಬಿಡಕ್ಕ’ ಅಂತ ಅವರೇ ನನಗೆ ಬುದ್ಧಿ ಹೇಳಿದ್ದರು. ಹಾಗಿಲ್ಲ. 2015ರ ತಿದ್ದುಪಡಿ ಆದ ಮೇಲೆ, ಚೆಕ್ಕನ್ನು ನಮ್ಮ ಖಾತೆಗೆ ಹಾಕಿದ್ದರೆ ನಮ್ಮ ಖಾತೆ ಇರುವ ಶಾಖೆ ಯಾವ ಕೋರ್ಟಿನ ವ್ಯಾಪ್ತಿಗೆ ಬರುತ್ತದೋ ಅಲ್ಲೇ ಕೇಸು. ಆಗಸ್ಟ್ 5ಕ್ಕೆ ಮಂಡ್ಯದಲ್ಲೇ ದೂರು ಹಾಕಿದೆವು. ಚೆಕ್ ನನ್ನ ಹೆಸರಿನಲ್ಲಿ ಇದ್ದದ್ದರಿಂದ ದೂರುದಾರಳು ನಾನೇ. ಮೈದುನ ತನ್ನ ಹೆಸರಿನಲ್ಲಿ ದೂರು ಹಾಕಿದರೆ ಆಗುವುದಿಲ್ಲ.

ವಕೀಲರ ಫೀಸಿಗೆ ಹೆದರಿ ಹಿಂದೆ ಸರಿಯುವವರು ಇದ್ದಾರೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂನಲ್ಲೇ ಇದೆ. ಇದು ನನಗೆ ಗೊತ್ತಾದದ್ದು ಫೀಸು ಕೊಟ್ಟ ಮೇಲೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ. ನಿಮ್ಮ ಮನೆಯ ಹೆಣ್ಣುಮಕ್ಕಳಿಗೂ ಇದನ್ನು ಹೇಳಿ.

ಸಮನ್ಸ್ ಜಾರಿ ಆಗುವುದಕ್ಕೆ ಸ್ವಲ್ಪ ಕಾಲ ಹಿಡಿಯಿತು. ಅಕ್ಟೋಬರ್‌ನ ವಾಯಿದೆಗೆ ಅವರು ತಮ್ಮ ವಕೀಲರ ಜೊತೆ ಬಂದರು. ನನ್ನನ್ನು ನೋಡಿ ತಲೆ ತಗ್ಗಿಸಿದರು. ನನಗೆ ಸಿಟ್ಟಿಗಿಂತ ಸಂಕಟವೇ ಜಾಸ್ತಿ ಆಯಿತು. ಅವತ್ತೇ ನಮ್ಮ ವಕೀಲರು ಲೋಕ ಅದಾಲತ್‌ಗೆ ಕಳಿಸಿ ಎಂದು ಕೇಳಿದರು, ಅವರ ವಕೀಲರೂ ಒಪ್ಪಿದರು.

ರಾಷ್ಟ್ರೀಯ ಲೋಕ ಅದಾಲತ್ ಸಾಮಾನ್ಯವಾಗಿ ವರ್ಷಕ್ಕೆ ನಾಲ್ಕು ಸಲ, ಎರಡನೇ ಶನಿವಾರ ನಡೆಯುತ್ತದೆ. ಆದರೆ ಆ ಶನಿವಾರವೇ ಹೋಗಿ ಮಾತು ಶುರು ಮಾಡುತ್ತೇವೆ ಎಂದುಕೊಂಡರೆ ಕೆಲಸ ಆಗುವುದಿಲ್ಲ. ಅವತ್ತು ಕೋರ್ಟ್ ಆವರಣದಲ್ಲಿ ಜಾತ್ರೆಯಷ್ಟು ಜನ. ಅದಕ್ಕೆ ಮುಂಚಿನ ವಾರಗಳಲ್ಲಿ ಪೂರ್ವಭಾವಿ ಬೈಠಕ್ ಇರುತ್ತವೆ. ನಿಜವಾದ ಮಾತು ಅಲ್ಲೇ ಆಗಬೇಕು. ನಮ್ಮದು ನವೆಂಬರ್‌ನಲ್ಲಿ ಎರಡು ಸಲ ನಡೆಯಿತು. ಡಿಸೆಂಬರ್‌ನ ಶನಿವಾರ ಬರೀ ಓದಿ ಸಹಿ ಹಾಕಿದ್ದು. ಅಷ್ಟು ದಿನ ಕಾಯಲು ಆಗದಿದ್ದರೆ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಿ ಎಂದು ಕೋರ್ಟನ್ನು ಕೇಳಬಹುದು.

ಬೈಠಕ್‌ಗೆ ಹೋಗುವ ಹಿಂದಿನ ರಾತ್ರಿ ಒಂದು ಚೀಟಿಯಲ್ಲಿ ಲೆಕ್ಕ ಬರೆದುಕೊಂಡೆ. ನೀವೂ ಬರೆದುಕೊಳ್ಳಿ. ಅಲ್ಲಿ ಕೂತಾಗ ತಲೆ ಓಡುವುದಿಲ್ಲ. ಚೆಕ್ 3,60,000. ಬಡ್ಡಿ ಎಷ್ಟು ಅಂತ ಎಲ್ಲೂ ಬರೆದಿಲ್ಲದಿದ್ದರೆ ಅದೇ ಕಾಯ್ದೆಯ 80ನೇ ಕಲಂ ಪ್ರಕಾರ ವರ್ಷಕ್ಕೆ ಶೇ 18. ಆರು ತಿಂಗಳಿಗೆ 32,400. ಎಲ್ಲ ಸೇರಿ 3,92,400. ಇದು ನಾನು ಕೇಳುವ ಮೊತ್ತ. ಒಪ್ಪಬಹುದಾದ ಮೊತ್ತ 3,40,000, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಸಹಿ ಹಾಕುವ ದಿನವೇ ಕೈಗೆ ಬರಬೇಕಾದದ್ದು ಕನಿಷ್ಠ 1,00,000.

ಈ ಒಂದು ಲಕ್ಷಕ್ಕೂ ಲೆಕ್ಕ ಇದೆ. ಕೇಸು ನಡೆದರೆ, ಆರೋಪಿ ತಪ್ಪು ಒಪ್ಪದಿದ್ದಾಗ, ಚೆಕ್ ಮೊತ್ತದ ಶೇ 20ರವರೆಗೆ ಮಧ್ಯಂತರ ಪರಿಹಾರ ಕೊಡಿ ಎಂದು ಕೋರ್ಟ್ ಹೇಳಬಹುದು. 2018ರಲ್ಲಿ ಸೇರಿಸಿದ 143ಎ ಕಲಂ ಅದು. ನನ್ನ ಕೇಸಿಗೆ 72,000 ಆಗುತ್ತಿತ್ತು, ಅದೂ ಕೊಟ್ಟೇ ಕೊಡಿಸುತ್ತಾರೆ ಅಂತ ಇಲ್ಲ. ಹಾಗಾಗಿ ಅದಕ್ಕಿಂತ ಜಾಸ್ತಿ ಮೊದಲ ದಿನವೇ ಬಂದರೆ ರಾಜಿಗೆ ಅರ್ಥ ಇದೆ ಎಂದುಕೊಂಡೆ.

ಟೇಬಲ್ಲಿನ ಆಚೆ ಒಬ್ಬರು ನ್ಯಾಯಾಧೀಶರು, ಪಕ್ಕದಲ್ಲಿ ಸಂಧಾನಕಾರರಾಗಿ ಒಬ್ಬ ವಕೀಲರು. ಅವರು ತೀರ್ಪು ಕೊಡುವುದಿಲ್ಲ. ಇಷ್ಟಕ್ಕೆ ಒಪ್ಪಿಕೊಳ್ಳಿ ಎಂದು ಒತ್ತಾಯ ಮಾಡುವ ಅಧಿಕಾರವೂ ಅವರಿಗಿಲ್ಲ. ಇಬ್ಬರೂ ಒಪ್ಪಿದರೆ ರಾಜಿ, ಇಲ್ಲದಿದ್ದರೆ ಕಡತ ಅದೇ ಕೋರ್ಟಿಗೆ ವಾಪಸ್. ಬೇಡ ಎಂದರೆ ಕೇಸು ಸೋತೆ ಅಂತ ಅಲ್ಲ. ಇದು ಗೊತ್ತಿಲ್ಲದೆ ಗಾಬರಿಯಲ್ಲಿ ತಲೆಯಾಡಿಸುವವರನ್ನು ಅವತ್ತೇ ಕಣ್ಣಾರೆ ನೋಡಿದೆ.

ವ್ಯಾಪಾರಿ ಮೊದಲು ಹೇಳಿದ್ದು ಎರಡೂವರೆ ಲಕ್ಷ. ಕೇರಳಕ್ಕೆ ಕಳಿಸಿದ ಮಾಲಿನ ಬಾಕಿ ಅವರಿಗೂ ಬಂದಿರಲಿಲ್ಲ. ಆ ಬಿಲ್ಲುಗಳನ್ನು ತಂದಿದ್ದರು, ನಾನೂ ನೋಡಿದೆ, ಸುಳ್ಳಲ್ಲ. ‘ಅಣ್ಣ, ನಿಮ್ಮ ಕಷ್ಟ ಗೊತ್ತಾಗುತ್ತೆ. ಆದ್ರೆ ನಾನು ಕಬ್ಬು ಕೊಟ್ಟ ರೈತರಿಗೆ ಆಗ್ಲೇ ದುಡ್ಡು ಕೊಟ್ಟಾಗಿದೆ, ಸೊಸೈಟಿ ಸಾಲ ಮಾಡಿ ಕೊಟ್ಟಿದ್ದು’ ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸಂಧಾನಕಾರರು ಇಬ್ಬರನ್ನೂ ಬೇರೆ ಬೇರೆ ಕರೆದು ಮಾತಾಡಿಸಿದರು. ಎರಡನೇ ಬೈಠಕ್‌ನಲ್ಲಿ 3,40,000ಕ್ಕೆ ನಿಂತಿತು. ಬಡ್ಡಿ ಬಿಟ್ಟೆ, ಅಸಲಲ್ಲೂ 20,000 ಬಿಟ್ಟೆ. ಇನ್ನೆರಡು ವರ್ಷ ವಾಯಿದೆಗೆ ಅಲೆಯುವ ಬದಲು ಅದು ಸರಿ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಇನ್ನು ಜಂಟಿ ಮೆಮೊ, ಅಂದರೆ ರಾಜಿಯ ಷರತ್ತು ಬರೆದು ಇಬ್ಬರೂ ಸಹಿ ಹಾಕುವ ಕಾಗದ. ಮೊತ್ತ ಕುದುರಿದ ಖುಷಿಯಲ್ಲಿ ಕಾಗದವನ್ನು ಓದದೆ ಸಹಿ ಹಾಕುವುದು ದೊಡ್ಡ ತಪ್ಪು. ನಮ್ಮ ದೂರದ ನೆಂಟರೊಬ್ಬರು ಹಾಗೆ ಮಾಡಿ ಕೈಸುಟ್ಟುಕೊಂಡಿದ್ದಾರೆ. ಅವರಿಗೆ ಸಿಕ್ಕಿದ್ದು ಅರ್ಧ ದುಡ್ಡು, ಮೆಮೊದಲ್ಲಿ ಇದ್ದದ್ದು ‘ಪೂರ್ತಿ ಹಣ ಸಂದಾಯವಾಗಿದೆ’ ಎಂಬ ಸಾಲು. ‘ಉಳಿದದ್ದು ನಾಳೆ ಕೊಡ್ತೀನಿ, ಕೇಸು ಮುಗಿಯೋಕೆ ಹಾಗೆ ಬರೀಬೇಕು’ ಅಂದರಂತೆ. ಕೇಸು ಮುಗಿಯಿತು. ನಾಳೆ ಬರಲಿಲ್ಲ.

ನನ್ನ ಮೆಮೊದ ಮುಖ್ಯ ಭಾಗ ಹೀಗಿತ್ತು, ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ:

‘ಆರೋಪಿಯು ದೂರುದಾರರಿಗೆ ಒಟ್ಟು ರೂ. 3,40,000 ಕೊಡಲು ಒಪ್ಪಿರುತ್ತಾರೆ. ಈ ದಿನ ರೂ. 1,00,000ವನ್ನು ಡಿಮ್ಯಾಂಡ್ ಡ್ರಾಫ್ಟ್ ಮೂಲಕ ಕೊಟ್ಟಿರುತ್ತಾರೆ. ಉಳಿದ ರೂ. 2,40,000ವನ್ನು ತಲಾ ರೂ. 40,000ದಂತೆ ಆರು ಕಂತುಗಳಲ್ಲಿ, 2025ರ ಜನವರಿಯಿಂದ ಜೂನ್‌ವರೆಗೆ ಪ್ರತಿ ತಿಂಗಳ 10ನೇ ತಾರೀಖಿನೊಳಗೆ ದೂರುದಾರರ ಬ್ಯಾಂಕ್ ಖಾತೆಗೆ ಜಮಾ ಮಾಡತಕ್ಕದ್ದು. ಯಾವುದೇ ಕಂತು 15 ದಿನ ಮೀರಿ ತಡವಾದಲ್ಲಿ ಉಳಿದ ಪೂರ್ತಿ ಮೊತ್ತ ಒಂದೇ ಬಾರಿಗೆ, ವಾರ್ಷಿಕ ಶೇ 12ರ ಬಡ್ಡಿಯೊಂದಿಗೆ, ವಸೂಲಿಗೆ ಅರ್ಹವಾಗಿರುತ್ತದೆ.’

ಡಿಡಿ ನಂಬರ್, ಖಾತೆ ನಂಬರ್, ಪ್ರತಿ ಕಂತಿನ ತಾರೀಖು ಬಿಡಿಬಿಡಿಯಾಗಿ ಕೆಳಗೆ ಇದ್ದವು. ‘ಆದಷ್ಟು ಬೇಗ’, ‘ಮಾರ್ಚ್ ಸುಮಾರಿಗೆ’ ಎಂಬ ಮಾತುಗಳಿಗೆ ಜಾಗ ಕೊಡಬೇಡಿ. ಕಂತು ತಪ್ಪಿದರೆ ಏನು ಎಂಬ ಆ ಕೊನೆಯ ಸಾಲು ಮೊದಲ ಕರಡಿನಲ್ಲಿ ಇರಲೇ ಇಲ್ಲ. ನಮ್ಮ ವಕೀಲರು ಸೇರಿಸಿ ಎಂದಾಗ ಆ ಕಡೆಯವರು ‘ನಂಬಿಕೆ ಇಲ್ವಾ?’ ಅಂದರು. ನಂಬಿಕೆ ಇದ್ದದ್ದಕ್ಕೇ 90 ಕ್ವಿಂಟಲ್ ಸಾಲಕ್ಕೆ ಕೊಟ್ಟಿದ್ದು. ಆ ಸಾಲು ಸೇರದೆ ಸಹಿ ಹಾಕಲ್ಲ ಎಂದು ಕೂತೆ.

ಯಾಕೆ ಇಷ್ಟು ಹಟ ಎಂದರೆ, ರಾಜಿ ಆದ ಮೇಲೆ ಕ್ರಿಮಿನಲ್ ಕೇಸು ಅಲ್ಲಿಗೆ ಮುಗಿಯುತ್ತದೆ. ಆರೋಪಿ ಬಿಡುಗಡೆ ಆಗುತ್ತಾರೆ. ರಾಜಿಯನ್ನು ದಾಖಲಿಸಿ ಲೋಕ ಅದಾಲತ್ ಕೊಡುವ ಆದೇಶಕ್ಕೆ ಅವಾರ್ಡ್ ಅನ್ನುತ್ತಾರೆ, ಅದಕ್ಕೆ ಮೇಲ್ಮನವಿಯೂ ಇಲ್ಲ. ಆದರೆ ಆ ಅವಾರ್ಡಿಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ ಇದೆ. ಚೆಕ್ ಬೌನ್ಸ್ ಕೇಸಿನಲ್ಲಿ ಆದ ಅವಾರ್ಡಿಗೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ದುಡ್ಡು ಬರದಿದ್ದರೆ ಮತ್ತೆ ಮೊದಲಿಂದ ಕೇಸು ಬೇಡ. ಅಮಲ್ಜಾರಿ ಅರ್ಜಿ, ಅಂದರೆ ಅವಾರ್ಡನ್ನು ಜಾರಿ ಮಾಡಿಸಿ ಎಂಬ ಅರ್ಜಿ, ಹಾಕಿ ಆಸ್ತಿ, ಬ್ಯಾಂಕ್ ಖಾತೆ ಜಪ್ತಿ ಕೇಳಬಹುದು. ಅದಕ್ಕೆ 12 ವರ್ಷ ಸಮಯ ಇದೆ. ಕಾಗದದಲ್ಲಿ ಏನು ಬರೆದಿದೆಯೋ ಅದನ್ನೇ ಜಾರಿ ಮಾಡಲು ಆಗುವುದು. ಬರೆಯದಿದ್ದದ್ದನ್ನು ಯಾವ ಕೋರ್ಟೂ ಕೊಡಿಸುವುದಿಲ್ಲ.

ಜಪ್ತಿ ಮಾಡಲು ಏನಾದರೂ ಇರಬೇಕು ಅಲ್ವಾ? ನಮ್ಮ ವ್ಯಾಪಾರಿಗೆ ಸ್ವಂತ ಗೋದಾಮು ಇತ್ತು, ಅದಕ್ಕೇ ಅವಾರ್ಡಿಗೆ ಒಪ್ಪಿದೆ. ಎದುರಿನವರ ಹೆಸರಲ್ಲಿ ಏನೂ ಇಲ್ಲ, ಮಾತಿನ ಮೇಲೂ ಭರವಸೆ ಇಲ್ಲ ಎಂದಾದರೆ ನಾನು ಬೇರೆ ಸಲಹೆ ಕೊಡುತ್ತೇನೆ. ಒಪ್ಪಂದ ಆಗಲಿ, ಆದರೆ ಕೊನೆಯ ಕಂತು ಬರುವ ತನಕ ಕೇಸು ಬಾಕಿ ಇರಲಿ ಎಂದು ಕೇಳಿ. ಪೂರ್ತಿ ಬಂದ ಮೇಲೆ 138 ಇರುವ ಅದೇ ಕಾಯ್ದೆಯ 147ನೇ ಕಲಂ ಕೆಳಗೆ ರಾಜಿ ಅರ್ಜಿ ಹಾಕಿ ಮುಗಿಸಿಕೊಳ್ಳಬಹುದು. ಬೇಗ ಮುಗಿಸಿ ಎನ್ನುವವರು ಸುತ್ತ ಇರುತ್ತಾರೆ. ದುಡ್ಡು ನಿಮ್ಮದು, ನಿಧಾನವಾಗಿ ಯೋಚಿಸಿ.

ಕಂತುಗಳಿಗೆ ಆರು ಹೊಸ ಚೆಕ್ ಕೂಡ ತೆಗೆದುಕೊಂಡು ನಂಬರುಗಳನ್ನು ಮೆಮೊದಲ್ಲಿ ಬರೆಸಿದೆ. ರಾಜಿಯ ಮೇಲೆ ಕೊಟ್ಟ ಚೆಕ್ ಬೌನ್ಸ್ ಆದರೆ ಅದರ ಮೇಲೆ ಹೊಸದಾಗಿ 138 ಕೇಸು ಹಾಕಬಹುದು. ಇದನ್ನೂ ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟ ಮಾಡಿದೆ. ಮೂಲ ಚೆಕ್ ಕೋರ್ಟಿನ ಕಡತದಲ್ಲೇ ಇರುತ್ತದೆ. ಪೂರ್ತಿ ಹಣ ಬಂದ ಮೇಲೆಯೇ ಅದನ್ನು ಅವರಿಗೆ ವಾಪಸ್ ಕೊಡಬೇಕು ಎಂದೂ ಒಂದು ಸಾಲು ಹಾಕಿಸಿ.

ಚೆಕ್ ಕೊಟ್ಟು ಸಿಕ್ಕಿಹಾಕಿಕೊಂಡವರೂ ಇದನ್ನು ಓದುತ್ತಿರಬಹುದು. ನಿಮಗೂ ಒಂದು ಮಾತು. ಸಮನ್ಸ್ ಬಂದಾಗ ತಪ್ಪಿಸಿಕೊಂಡು ಓಡಾಡಬೇಡಿ, ವಾರಂಟ್ ಆಗುತ್ತದೆ. ಶಿಕ್ಷೆ ಆದರೆ ಎರಡು ವರ್ಷದವರೆಗೆ ಜೈಲು, ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ. ಬೇಗ ರಾಜಿಗೆ ಬಂದಷ್ಟೂ ಖರ್ಚು ಕಡಿಮೆ. ಸುಪ್ರೀಂ ಕೋರ್ಟಿನ 2010ರ ತೀರ್ಪಿನ ಪ್ರಕಾರ ಮೊದಲ ಎರಡು ವಾಯಿದೆ ಕಳೆದ ಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ರಾಜಿಯಾದರೆ ಚೆಕ್ ಮೊತ್ತದ ಶೇ 10 ವೆಚ್ಚ ಕಟ್ಟಬೇಕಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇಳಿಸಿತು. ಆರೋಪಿ ಕಡೆಯ ಸಾಕ್ಷ್ಯ ಶುರುವಾಗುವ ಮೊದಲು ಚೆಕ್ ಮೊತ್ತ ಕೊಟ್ಟರೆ ವೆಚ್ಚ ಇಲ್ಲದೆ ರಾಜಿ ಮಾಡಬಹುದು. ಆಮೇಲೆ, ತೀರ್ಪಿಗೆ ಮೊದಲು, ಶೇ 5. ಸೆಷನ್ಸ್ ಅಥವಾ ಹೈಕೋರ್ಟಿಗೆ ಹೋದ ಮೇಲೆ ಶೇ 7.5. ಸುಪ್ರೀಂ ಕೋರ್ಟಿನಲ್ಲಾದರೆ ಶೇ 10.

ಜನವರಿ, ಫೆಬ್ರವರಿ, ಮಾರ್ಚ್ ಕಂತು ಸರಿಯಾಗಿ ಬಂದವು. ಏಪ್ರಿಲ್‌ನದ್ದು ಬರಲಿಲ್ಲ. 25 ದಾಟಿದ ಮಾರನೇ ದಿನವೇ ವಕೀಲರಿಂದ ಪತ್ರ ಹೋಯಿತು. ಅಮಲ್ಜಾರಿ ಹಾಕುತ್ತೇವೆ, ಇಲ್ಲವೇ ಚೆಕ್ ಬ್ಯಾಂಕಿಗೆ ಹಾಕುತ್ತೇವೆ ಅಂತ. ಈ ಸಲ ನಾನು ಯಾವ ಸೋಮವಾರಕ್ಕೂ ಕಾಯಲಿಲ್ಲ. ಮೇ 2ಕ್ಕೆ ಏಪ್ರಿಲ್, ಮೇ ಎರಡೂ ಸೇರಿಸಿ 80,000 ಹಾಕಿದರು. ಮೆಮೊ ಪ್ರಕಾರ ಉಳಿದ 1,20,000ವನ್ನೂ ಬಡ್ಡಿ ಸಮೇತ ಕೇಳಬಹುದಿತ್ತು. ಕೇಳಲಿಲ್ಲ. ಜೂನ್ ಕಂತು ಮೊದಲಿನ ತಾರೀಖಿಗೇ ಬರಬೇಕು, ಈ ವಿನಾಯಿತಿ ಇದೊಂದು ಸಲಕ್ಕೆ ಮಾತ್ರ ಎಂದು ಬರೆಸಿ ಇಬ್ಬರೂ ಸಹಿ ಹಾಕಿದೆವು. ನೀವು ರಿಯಾಯಿತಿ ಕೊಡುವುದಾದರೂ ಬರವಣಿಗೆಯಲ್ಲೇ ಕೊಡಿ.

ಜೂನ್ 9ಕ್ಕೆ ಕೊನೆಯ 40,000 ಬಂತು. ಪಾಸ್‌ಬುಕ್ಕಿನಲ್ಲಿ ಆರೂ ಕಂತಿಗೆ ಪೆನ್ಸಿಲ್ ಗುರುತು ಹಾಕಿ ವಕೀಲರಿಗೆ ತೋರಿಸಿದೆ. ಮೂಲ ಚೆಕ್ ಅವರಿಗೆ ವಾಪಸ್ ಕೊಡಲು ನನ್ನ ಅಭ್ಯಂತರ ಇಲ್ಲ ಎಂದು ಬರೆದುಕೊಟ್ಟೆ. ಹೊಸ ಆರು ಚೆಕ್ಕುಗಳನ್ನು ನಾನೇ ಕೈಗೆ ಕೊಟ್ಟು, ತಲುಪಿದೆ ಎಂದು ಸಹಿ ತೆಗೆದುಕೊಂಡೆ. ಅವಾರ್ಡಿನ ಪ್ರತಿ, ಆ ಸಹಿ, ಒದ್ದೆಯಾಗಿದ್ದ ಮೆಮೊದ ಜೆರಾಕ್ಸ್ ಈಗಲೂ ಅದೇ ಕವರಿನಲ್ಲಿವೆ.

ನವೆಂಬರ್‌ನಲ್ಲಿ ಅವರೇ ಫೋನ್ ಮಾಡಿದರು. ‘ಹೊಸ ಬೆಲ್ಲ ಇಳೀತಾ ಅಕ್ಕ?’ ಅಂದರು. 60 ಕ್ವಿಂಟಲ್ ಕೊಟ್ಟೆ. ಲಾರಿ ತೂಕ ಆದ ಕೂಡಲೇ ಆರ್‌ಟಿಜಿಎಸ್, ದುಡ್ಡು ಖಾತೆಗೆ ಬಿದ್ದ ಮೆಸೇಜು ನೋಡಿದ ಮೇಲೆ ಟಾರ್ಪಾಲು ಕಟ್ಟಿಸಿದೆ.